ಕರೆಂಟು ಹೋದ ಮೇಲೂ ತಿರುಗಿದ ಟೇಪು

ನಮ್ಮ ಮನೆಯ ಷೋಕೇಸಿನಲ್ಲಿ, ಮಗಳು ಓಟದಲ್ಲಿ ಗೆದ್ದ ಕಪ್ಪಿನ ಪಕ್ಕ, ಎರಡು ಎಲ್‌ಪಿ ತಟ್ಟೆಗಳಿರುವ ದಪ್ಪ ರಟ್ಟಿನ ಹೊದಿಕೆಯೊಂದು ಒರಗಿ ನಿಂತಿದೆ. ಅದನ್ನು ಹಾಕಿ ಕೇಳುವ ಯಂತ್ರ ನಮ್ಮಲ್ಲಿಲ್ಲ. ಬಂದ ನೆಂಟರು ‘ಇದೇನು?’ ಎಂದರೆ ‘ಹುಡುಗನಾಗಿದ್ದಾಗ ನಾನು ಮಾಡಿದ ಸಂಗೀತ’ ಎನ್ನುತ್ತೇನೆ. ‘ಹಾಕಿ, ಕೇಳೋಣ’ ಎಂದರೆ ಯಂತ್ರವಿಲ್ಲ ಎನ್ನುತ್ತೇನೆ. ಆ ಮಾತು ಹೇಳುವಾಗ ದುಃಖದ ಮುಖ ಮಾಡುವುದನ್ನು ಈಚೆಗೆ ಚೆನ್ನಾಗಿ ಅಭ್ಯಾಸ ಮಾಡಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಆ ಯಂತ್ರ ಮಂಡ್ಯ ಜಿಲ್ಲೆಯಲ್ಲಿ ಎಲ್ಲೂ ಇರಬಾರದಾಗಿತ್ತು. ಮದ್ದೂರಿನಲ್ಲಂತೂ ಖಂಡಿತ ಇರಬಾರದಾಗಿತ್ತು.

ನಾನು ಮಂಡ್ಯದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ‘ನಾದಕ್ಕೂ ಗದ್ದಲಕ್ಕೂ ಇರುವ ವ್ಯತ್ಯಾಸವೇನು?’ ಎಂಬ ಎರಡು ಅಂಕದ ಪ್ರಶ್ನೆಯನ್ನು ವರ್ಷ ವರ್ಷವೂ ಕೇಳುತ್ತೇನೆ. ಕ್ರಮವಾದ ಕಂಪನ ನಾದ, ಕ್ರಮ ತಪ್ಪಿದ ಕಂಪನ ಗದ್ದಲ ಎಂದು ಬರೆದವರಿಗೆ ಎರಡೂ ಅಂಕ ಸಿಗುತ್ತವೆ. ನಮ್ಮ ಹಿರಿಯರು ಇನ್ನೂ ಮುಂದೆ ಹೋಗಿ ನಾದದಲ್ಲೇ ಎರಡು ಬಗೆ ಮಾಡಿದರು: ಬಡಿದರೆ ಹುಟ್ಟುವ ಆಹತ, ಬಡಿಯದೆಯೇ ಯೋಗಿಗಳಿಗೆ ಕೇಳಿಸುವ ಅನಾಹತ. ಬಡಿದರೂ ಯಾರೂ ಕೇಳಿಸಿಕೊಳ್ಳದ ಮೂರನೆಯ ಬಗೆಯೊಂದಿದೆ. ಅದನ್ನು ಇಪ್ಪತ್ತನಾಲ್ಕು ವರ್ಷಗಳ ಹಿಂದೆ ನಾವು ಮೂವರು ಕಂಡುಹಿಡಿದೆವು.

ಮೂವರೆಂದರೆ ಶ್ರೀಕಂಠ, ಮಾದೇಶ ಮತ್ತು ನಾನು. ಕಾಲೇಜಿನಲ್ಲಿ ಒಂದೇ ಬೆಂಚಿನವರು. ಶ್ರೀಕಂಠ ಮಳವಳ್ಳಿಯ ಸಂಸ್ಕೃತ ಮೇಷ್ಟ್ರ ಮಗ. ಗಿಟಾರು ಅವನದು, ಹಾಡುವುದೂ ಅವನೇ. ಹಾಡುವುದು ಎಂದು ದಾಕ್ಷಿಣ್ಯಕ್ಕೆ ಹೇಳಿದೆ, ಕೂಗುತ್ತಿದ್ದ. ಮಾದೇಶ ಆತಗೂರಿನವನು, ಡ್ರಮ್ಮು ಅವನದು. ಮದುವೆಯ ಬ್ಯಾಂಡ್‌ಸೆಟ್ಟಿನವರು ಬಿಸಾಕಿದ ಎರಡು ಡೋಲು, ಒಂದು ಹಂಡೆಯ ಮುಚ್ಚಳ, ಇಷ್ಟನ್ನು ಮರದ ಚೌಕಟ್ಟಿಗೆ ಬಿಗಿದು ತಾನೇ ಮಾಡಿಕೊಂಡಿದ್ದ. ನನ್ನದು ಬೇಸ್ ಗಿಟಾರು. ನಾಲ್ಕೇ ತಂತಿ, ದಪ್ಪ ಸದ್ದು. ‘ಬೇಸು ಇದ್ದಾಗ ಯಾರಿಗೂ ಕೇಳಿಸುವುದಿಲ್ಲ, ಇಲ್ಲದಿದ್ದಾಗ ಎಲ್ಲರಿಗೂ ಗೊತ್ತಾಗುತ್ತದೆ’ ಎಂದು ಆಗ ಹೇಳಿಕೊಂಡು ತಿರುಗುತ್ತಿದ್ದೆ. ತಂಡದ ಹೆಸರು ‘ತ್ರೀ ಫೇಸು’. ಹಳ್ಳಿಗೆ ಮೂರು ಫೇಸಿನ ಕರೆಂಟು ಬಿಟ್ಟಷ್ಟು ಹೊತ್ತೇ ನಮ್ಮ ಸಂಗೀತ, ಅದಕ್ಕೇ ಆ ಹೆಸರು. ಬ್ಯಾಂಡು ಎಂದ ಕೂಡಲೇ ಊರಿನವರು ದಿಬ್ಬಣಕ್ಕೆ ಬರುತ್ತೀರಾ ಎಂದು ಕೇಳುತ್ತಿದ್ದರು.

ಕೆರಗೋಡಿನ ಹತ್ತಿರ ನನ್ನ ಸೋದರಮಾವನ ಆಲೆಮನೆ ಇತ್ತು. ಗದ್ದಲ ಮಾಡಲು ಅದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಗದ್ದಲ ಮೊದಲೇ ಇತ್ತು. ಕಬ್ಬು ಅರೆಯುವ ಗಾಣದ ಮೋಟಾರು ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅದರ ಪಕ್ಕದಲ್ಲಿ ಕೂತು ನಾವು ನುಡಿಸುತ್ತಿದ್ದೆವು. ಮಾವ ಒಂದು ದಿನ ಬೆಲ್ಲದ ಕೈ ಒರೆಸಿಕೊಳ್ಳುತ್ತಾ ಪೂರ್ತಿ ಒಂದು ಹಾಡು ಕೇಳಿ ತೀರ್ಪು ಕೊಟ್ಟರು: “ನಿಮ್ದೂ ಗಾಣದ್ದೂ ಸದ್ದು ಒಂದೇ ಕಣ್ರಲಾ. ಆದ್ರೆ ಗಾಣ್ದಲ್ಲಿ ಬೆಲ್ಲನಾದ್ರೂ ಬತ್ತದೆ.” ನಮ್ಮ ಸಂಗೀತದ ಬಗ್ಗೆ ಇದಕ್ಕಿಂತ ಸರಿಯಾದ ವಿಮರ್ಶೆಯನ್ನು ನಾನು ಈವರೆಗೆ ಓದಿಲ್ಲ.

ನಮ್ಮ ಟೇಪ್ ರೆಕಾರ್ಡರಿಗೂ ಒಂದು ವಿಧಿ ಇತ್ತು. ಅದರ ಗುಂಡಿಗಳು ಸವೆದಿದ್ದವು. ಒತ್ತಿದ ಗುಂಡಿ ಒಳಗೇ ನಿಲ್ಲಲೆಂದು ಸಂದಿಗೆ ಕಬ್ಬಿನ ಚಕ್ಕೆ ಸಿಕ್ಕಿಸುತ್ತಿದ್ದೆವು. ಸಿಕ್ಕಿಸಿದ ಮೇಲೆ ಯಾರೂ ಮುಟ್ಟುವಂತಿಲ್ಲ. ನಿಲ್ಲಿಸುವ ಕೆಲಸ ಕರೆಂಟಿನದು. ಕರೆಂಟು ಹೋದ ಕೂಡಲೇ ಗಾಣ, ಗಿಟಾರು, ಬೇಸು, ಟೇಪು ಎಲ್ಲವೂ ಒಟ್ಟಿಗೆ ಪ್ರಾಣ ಬಿಡುತ್ತಿದ್ದವು. ಆಮೇಲೆ ನಾವು ಬಿದಿರು ತಟ್ಟಿಗೆ ಒರಗಿಕೊಂಡು ಮಾತಿಗೆ ಕೂರುತ್ತಿದ್ದೆವು. ಕರೆಂಟು ಹೋದ ಮೇಲೆ ಆಡಿದ ಮಾತು ಎಲ್ಲೂ ಉಳಿಯುವುದಿಲ್ಲ ಎಂಬ ನಂಬಿಕೆಯ ಮೇಲೆ ನಮ್ಮ ಸ್ನೇಹ ನಡೆದಿತ್ತು.

ಹೀಗೆ ಮಾಡಿದ ಎಂಟು ಹಾಡುಗಳ ಕ್ಯಾಸೆಟ್ಟೇ ನಮ್ಮ ಮೊದಲ ಆಲ್ಬಮ್ಮು, ‘ಕೊಪ್ಪರಿಗೆ’. ಒಂದಷ್ಟು ಪ್ರತಿ ಮಾಡಿಸಿ ನೆಂಟರಿಗೆಲ್ಲ ಹಂಚಿದೆವು. ನೆಂಟರು ಅದರ ಮೇಲೆ ನಾಟಕದ ಹಾಡು, ಮಗುವಿನ ತೊದಲು ಮಾತು ಎಲ್ಲವನ್ನೂ ತುಂಬಿಸಿಕೊಂಡು ಕ್ಯಾಸೆಟ್ಟನ್ನು ಸಾರ್ಥಕಪಡಿಸಿದರು. ಆಗಲೇ ಬೆಂಗಳೂರಿನ ಕಾಲೇಜೊಂದರ ಸ್ಪರ್ಧೆಗೆ ನಮಗೆ ಕರೆ ಬಂತು. ಕರೆ ಬಂದ ಒಂದು ವಾರಕ್ಕೆ ಶ್ರೀಕಂಠ ಮಾದೇಶನನ್ನು ಪಕ್ಕಕ್ಕೆ ಕರೆದು, ಸ್ಪರ್ಧೆಯಲ್ಲಿ ಬೆಂಗಳೂರಿನವನೊಬ್ಬ ಡ್ರಮ್ಮು ಬಾರಿಸುತ್ತಾನೆ, ನೀನು ಬೇಡ ಎಂದು ಹೇಳಿದ. ಮಾದೇಶ ‘ಸರಿ’ ಎಂದನಂತೆ. ಬಾರಿಸುವ ಕಡ್ಡಿಗಳನ್ನು ಕೊಪ್ಪರಿಗೆಯ ಒಲೆಗೆ ಹಾಕಿ ಹೋದ ಎಂದು ಮಾವ ಆಮೇಲೆ ಹೇಳಿದರು. ನಾವು ಸ್ಪರ್ಧೆಯ ಮೊದಲ ಸುತ್ತಿನಲ್ಲೇ ಸೋತೆವು, ತಂಡವೂ ಅಲ್ಲಿಗೆ ಮುಗಿಯಿತು. ಮಾದೇಶ ಅಂದಿನಿಂದ ಶ್ರೀಕಂಠನ ಜೊತೆ ಮಾತು ಬಿಟ್ಟ.

ನನ್ನ ಜೊತೆ ಬಿಡಲಿಲ್ಲ. ಕಥೆಯ ನಂಜು ಇರುವುದು ಇಲ್ಲೇ. ಮಾದೇಶ ಮದ್ದೂರಿನಲ್ಲಿ ಹಿಟ್ಟಿನ ಮಿಲ್ಲು ಇಟ್ಟ. ಮಂಡ್ಯದ ನಮ್ಮ ಬೀದಿಯ ಕೊನೆಯಲ್ಲೇ ಬೇರೊಂದು ಮಿಲ್ಲಿದ್ದರೂ ನಾನು ಹದಿನೈದು ದಿನಕ್ಕೊಮ್ಮೆ ಭಾನುವಾರ ರಾಗಿ ಚೀಲವನ್ನು ಸ್ಕೂಟರಿನಲ್ಲಿಟ್ಟುಕೊಂಡು ಮದ್ದೂರಿಗೆ ಹೋಗುತ್ತಿದ್ದೆ. ರಾಗಿ ಬೀಸುವಾಗ ಅವನ ಬೆರಳು ತಗಡಿನ ಮೇಲೆ ತಾಳ ಹಾಕುತ್ತಿರುತ್ತಿತ್ತು. ಹಿಟ್ಟು ನುಣ್ಣಗೆ ಬೇಕೋ ತರಿಯಾಗಿ ಬೇಕೋ ಎಂದು ಅವನು ಒಮ್ಮೆಯೂ ಕೇಳಿದವನಲ್ಲ, ಅವನಿಗೆ ಗೊತ್ತಿತ್ತು. ಟೀ ಕುಡಿಯುವಾಗ ಎರಡು ಮೂರು ಸಲಕ್ಕೊಮ್ಮೆ ಹಳೆಯ ಗಾಯ ಕೆರೆದುಕೊಳ್ಳುತ್ತಿದ್ದ.

“ಆ ಮಳವಳ್ಳಿಯೋನು ನನ್ನ ಅಂಗ್ ತಗ್ದಾಕ್ಬುಟ್ನಲ್ಲಾ ಲೋಕೇಸ. ನಾನೇನ್ಲಾ ಮಾಡಿದ್ದೆ ಅವನ್ಗೆ?”

“ಅವ್ನು ಅಂಗೇ ಕಣ್ಲಾ. ಬುಡು ಅತ್ತಗೆ,” ಎನ್ನುತ್ತಿದ್ದೆ ನಾನು.

ಇಪ್ಪತ್ತನಾಲ್ಕು ವರ್ಷ ಹೀಗೆ ಹೇಳಿದ್ದೇನೆ. ಒಂದು ಮಾತನ್ನು ಅಷ್ಟು ಸಲ ಹೇಳಿದರೆ ಹೇಳಿದವನೇ ನಂಬಿಬಿಡುತ್ತಾನೆ. ನಾನು ಪೂರ್ತಿ ನಂಬಿದ್ದೆ.

ಹೋದ ವರ್ಷ ಬೆಂಗಳೂರಿನಿಂದ ತೇಜಸ್ವಿನಿ ಎಂಬ ಹೆಣ್ಣುಮಗಳು ಬಂದರು. ಮರೆತುಹೋದ ಗದ್ದಲದ ತಂಡಗಳನ್ನು ಹುಡುಕಿ, ಅವರ ಹಾಡುಗಳನ್ನು ಎಲ್‌ಪಿ ತಟ್ಟೆಯಲ್ಲಿ ಅಚ್ಚು ಹಾಕಿಸುವುದು ಅವರ ಕೆಲಸವಂತೆ. ನಮ್ಮ ಕ್ಯಾಸೆಟ್ಟಿನ ಒಂದು ಪ್ರತಿ, ಯಾರೂ ಅದರ ಮೇಲೆ ಮಗುವಿನ ಮಾತು ತುಂಬಿಸದೆ ಉಳಿಸಿದ್ದ ಏಕೈಕ ಪ್ರತಿ, ಅವರಿಗೆ ಗುಜರಿಯಲ್ಲಿ ಸಿಕ್ಕಿತ್ತು. ಹಿನ್ನೆಲೆಯಲ್ಲಿ ಒಂದೇ ಸಮನೆ ಬರುವ ಆ ಗುಂಯ್ ಶಬ್ದ ತಮ್ಮನ್ನು ತುಂಬಾ ಕಾಡಿತು, ಅದನ್ನು ಹೇಗೆ ಹುಟ್ಟಿಸಿದಿರಿ ಎಂದು ಕೇಳಿದರು. ಗಾಣ ಎಂದು ಹೇಳಲು ಮನಸ್ಸು ಬರಲಿಲ್ಲ. ‘ಪ್ರಯೋಗ’ ಎಂದೆ.

‘ಕೊಪ್ಪರಿಗೆ’ಯನ್ನು ಮತ್ತೆ ತರುತ್ತೇವೆ, ಅದೂ ವಿಸ್ತೃತ ಆವೃತ್ತಿಯಾಗಿ ಎಂದರು. ಮೊದಲ ತಟ್ಟೆಯಲ್ಲಿ ಹಳೆಯ ಎಂಟು ಹಾಡು. ಎರಡನೆಯದರಲ್ಲಿ ಆಗ ಬಿಟ್ಟುಹೋದದ್ದು, ಅರ್ಧಕ್ಕೆ ನಿಂತದ್ದು, ತಪ್ಪಿದ್ದು ಎಲ್ಲ. ನಾನು ಟ್ರಂಕಿನಿಂದ ಏಳು ಹಳೆಯ ಕ್ಯಾಸೆಟ್ಟುಗಳನ್ನು ತೆಗೆದು ಒರೆಸಿ ಕೈಯಾರೆ ಕೊಟ್ಟೆ. ಅವರು ಅವನ್ನೆಲ್ಲ ಫೋನಿನಲ್ಲಿ ಕೇಳುವಂತೆ ಮಾಡಿ ನನಗೂ ಶ್ರೀಕಂಠನಿಗೂ ಮಾದೇಶನಿಗೂ ಕಳಿಸಿ, ತೆಗೆಯಬೇಕಾದ್ದು ಏನಾದರೂ ಇದ್ದರೆ ತಿಳಿಸಿ ಎಂದು ಬರೆದರು. ಮಾದೇಶ, “ಮಿಲ್ ಸದ್ದಲ್ಲಿ ಆ ಫೋನ್ ಯಾರ್ ಕೇಳ್ತಾರೆ, ನೀನೇ ನೋಡ್ಬುಡ್ಲಾ” ಎಂದ. ನಾನು ನೋಡಿದೆ. ಅಂದರೆ ನನ್ನ ಬೇಸು ಜೋರಾಗಿ ಕೇಳಿಸುವ ಜಾಗಗಳನ್ನು ಮಾತ್ರ ಹುಡುಕಿ ಹುಡುಕಿ ಕೇಳಿದೆ, ಹೆತ್ತವರಿಗೆ ಹೆಗ್ಗಣ ಮುದ್ದು. ‘ಎಲ್ಲವೂ ಚೆನ್ನಾಗಿದೆ, ಹಾಕಿ’ ಎಂದು ಮೂವರ ಪರವಾಗಿ ಉತ್ತರ ಬರೆದೆ.

ಮೂವರಿಗೂ ಒಂದೊಂದು ಪ್ರತಿಯ ಪಾರ್ಸಲ್ಲು ಬಂದ ದಿನ ಹೊದಿಕೆಯ ಹಿಂದೆ ಅಚ್ಚಾದ ಪಟ್ಟಿ ಓದುತ್ತಾ ಕೂತೆ. ಎರಡನೆಯ ತಟ್ಟೆಯ ಹಿಂಬದಿ, ಕಟ್ಟಕಡೆಯದು: ‘ಕರೆಂಟು ಹೋಯಿತು (ಮಾತುಕತೆ ಸಹಿತ)’. ಮಾತುಕತೆ ಯಾವುದಪ್ಪಾ ಎಂದು ಫೋನಿನಲ್ಲಿ ಅದನ್ನು ಹುಡುಕಿ ಕೇಳಿದೆ. ಹಾಡು ಭರದಿಂದ ನಡೆದಿರುವಾಗ ಗಾಣ, ಗಿಟಾರು, ಬೇಸು ಮೂರೂ ಒಮ್ಮೆಗೇ ಸತ್ತವು. ಡ್ರಮ್ಮು ಮಾತ್ರ ನಿಲ್ಲಲಿಲ್ಲ. ಮಾದೇಶ ಒಬ್ಬನೇ ಹಾಡಿನ ಕೊನೆಯವರೆಗೂ ಬಾರಿಸಿ ಮುಗಿಸಿದ. “ಮಜ್ಜಿಗೆ ತತ್ತೀನಿ ತಡೀರಿ” ಎಂದು ಎದ್ದುಹೋದ ಸದ್ದು. ಆಮೇಲೆ ನನ್ನ ದನಿ.

“ನೋಡ್ದಾ ಶ್ರೀಕಂಟ, ಕರೆಂಟು ಓಗಿದ್ದೂ ಗೊತ್ತಾಗಕಿಲ್ಲ ಇವನ್ಗೆ, ಬಡೀತಾನೇ ಅವ್ನೆ. ಇವನ್ನ ಕಟ್ಕೊಂಡು ಬೆಂಗ್ಳೂರ್ಗೆ ಓದ್ರೆ ನಗ್ತಾರೆ ಕಣ್ಲಾ.”

“ಪಾಪ ಕಣೋ. ಮೊದಲಿಂದ ನಮ್ಮ ಜೊತೆಗಿದಾನೆ,” ಎಂದಿತು ಶ್ರೀಕಂಠನ ದನಿ.

“ಪಾಪ ಅಂದ್ರೆ ಪ್ರೈಜ್ ಬತ್ತದಾ? ನೀನೇ ಯೋಳ್ಬುಡು. ಅವರಕ್ಕನ್ನ ನಮ್ಮೂರ್ಗೇ ಕೊಟ್ಟವ್ರೆ, ನಾನ್ ಯೋಳಿದ್ರೆ ಮಕ ಮಕ ನೋಡೋದೆಂಗೆ? ನೀನ್ ಮಳವಳ್ಳಿಯೋನು, ನಿನ್ಗೇನು.”

ಮುಂದೆ ಕೇಳಲಾರದೆ ನಿಲ್ಲಿಸಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅಂದು ನಾನು ಕೋಲನ್ನೂ ಪಕ್ಕದವನ ಕೈಗೇ ಕೊಟ್ಟಿದ್ದೆ. ನಾಚಿಕೆಯಾಗುವುದಕ್ಕೆ ಮೊದಲು, ಹೇಳಲು ಇನ್ನೂ ನಾಚಿಕೆಯಾಗುತ್ತದೆ, ನನಗೆ ಬಂದದ್ದು ಭೌತಶಾಸ್ತ್ರದ ಅನುಮಾನ. ಕರೆಂಟು ಹೋಗಿದೆ. ಟೇಪು ಹೇಗೆ ತಿರುಗಿತು?

ತೇಜಸ್ವಿನಿಯವರಿಗೆ ಫೋನು ಮಾಡಿ ಆ ಕೊನೆಯದನ್ನು ತೆಗೆಸಬಹುದೇ ಎಂದು ಕೇಳಿದೆ. ಎಲ್ಲ ಅಚ್ಚಾಗಿ ಮುಗಿದಿದೆ ಸರ್, ಎಲ್ಲರಿಗೂ ಅದೇ ಇಷ್ಟವಾಗಿದೆ, ಆ ಒಂಟಿ ಡ್ರಮ್ಮು, ಆಮೇಲೆ ಸ್ನೇಹಿತರ ಮನಬಿಚ್ಚಿದ ಮಾತು, ಎಷ್ಟು ಪ್ರಾಮಾಣಿಕವಾಗಿದೆ ಎಂದರು. ಕ್ಯಾಸೆಟ್ಟಾದರೆ ಮೇಲೆ ಇನ್ನೇನಾದರೂ ತುಂಬಿಸಬಹುದು. ತಟ್ಟೆಯಲ್ಲಿ ಕೊರೆದದ್ದು ಶಾಸನ. ವೈದ್ಯನಾಥಪುರದ ಗುಡಿಗೆ ಹೋದಾಗಲೆಲ್ಲ ಕಲ್ಲಿನ ಮೇಲಿನ ಹಳೆಯ ಅಕ್ಷರಗಳನ್ನು ಬೆರಳಿನಿಂದ ಸವರುವುದು ನನ್ನ ಚಾಳಿ. ಹಿಂದಿನವರು ಭೂಮಿ ಕೊಟ್ಟವರ ಹೆಸರು ಕೆತ್ತಿಸುತ್ತಿದ್ದರು, ಯುದ್ಧದಲ್ಲಿ ಸತ್ತವರ ಹೆಸರು ಕೆತ್ತಿಸುತ್ತಿದ್ದರು. ಬೆನ್ನ ಹಿಂದೆ ಚಾಡಿ ಹೇಳಿದವನ ಮಾತನ್ನು ಕೆತ್ತಿಸಿದ ಶಾಸನ ನಾನು ಕಂಡಿಲ್ಲ. ಬಹುಶಃ ನನ್ನದೇ ಮೊದಲನೆಯದು.

ಒಂದೇ ಸಮಾಧಾನವೆಂದರೆ ಮದ್ದೂರಿನಲ್ಲಿ ಎಲ್‌ಪಿ ಹಾಕುವ ಯಂತ್ರ ಯಾರ ಬಳಿ ಇರುತ್ತದೆ ಎಂಬುದು. ಆ ಸಮಾಧಾನ ಶನಿವಾರದವರೆಗೆ ಉಳಿಯಿತು. ಶನಿವಾರ ಮಾದೇಶ ಫೋನು ಮಾಡಿ, “ಮೈಕ್‌ಸೆಟ್ ಬೋರೇಗೌಡ್ರ ತಾವು ಪ್ಲೇಟ್ ಆಕೋ ಮಿಸನ್ನು ಇನ್ನೂ ಐತಂತೆ ಕಣ್ಲಾ! ನಾಳೆ ಮಿಲ್ ಮುಂದ್ಗಡೆ ಆಕ್ಸಾಣ. ಬಾ” ಎಂದ. ನಮ್ಮ ಕಡೆ ಮದುವೆ ಮನೆಗಳಲ್ಲಿ ಬೆಳಗಿನಿಂದ ಪ್ಲೇಟು ಹಾಕಿ ಊರಿಗೆಲ್ಲ ಹಾಡು ಕೇಳಿಸುತ್ತಿದ್ದ ಮೈಕ್‌ಸೆಟ್ಟಿನವರನ್ನು ನಾನು ಮರೆತೇಬಿಟ್ಟಿದ್ದೆ. ಬೋರೇಗೌಡರು ಯಾವುದನ್ನೂ ಎಸೆಯುವವರಲ್ಲ.

ಅಂದೇ ಅವನಿಗೆ ಹೇಳಿಬಿಡಬಹುದಾಗಿತ್ತು. ಇಡೀ ಶನಿವಾರ ನನ್ನ ಕೈಯಲ್ಲಿತ್ತು. ಹೇಳುವ ಬದಲು ಭಾನುವಾರ ಬೆಳಿಗ್ಗೆ ನೆಪಕ್ಕೆ ರಾಗಿ ಚೀಲ ಹೇರಿಕೊಂಡು ಮದ್ದೂರಿಗೆ ಹೊರಟೆ, ಹೇಗಾದರೂ ಎರಡನೆಯ ತಟ್ಟೆಯನ್ನು ಅಡಗಿಸಬಹುದೆಂದು.

ಮಿಲ್ಲಿನ ಮುಂದೆ ಹೊಂಗೆ ಮರಕ್ಕೆ ಮೈಕಿನ ಹಾರ್ನು ಕಟ್ಟಿದ್ದರು. ಹಿಟ್ಟಿಗೆ ಬಂದ ಹೆಂಗಸರು ಚೀಲಗಳ ಮೇಲೆ ಕೂತಿದ್ದರು. ಮಾದೇಶ ಹೊಸ ಷರ್ಟು ಹಾಕಿದ್ದ. ಮೊದಲ ತಟ್ಟೆ ಶುರುವಾದ ಕೂಡಲೇ ಬೋರೇಗೌಡರು ಗಾಬರಿಯಿಂದ ಮುಳ್ಳನ್ನು ಎತ್ತಿ, “ಸೂಜಿ ಕೆಟ್ಟೋಗದೆ ಅಂತ ಕಾಣ್ತದೆ ಕಣಪ್ಪ” ಎಂದರು. “ಇಲ್ಲ ಗೌಡ್ರೇ, ಅದು ಇರೋದೇ ಅಂಗೆ” ಎಂದು ಮಾದೇಶ ಹೆಮ್ಮೆಯಿಂದ ಹೇಳಿದ. ಎಂಟು ಹಾಡು ಮುಗಿಯುವಷ್ಟರಲ್ಲಿ ಹೆಂಗಸರು ಮೂರು ಸಲ ನಕ್ಕಿದ್ದರು, ಮರದ ಕಾಗೆಗಳು ಹೋಗಿದ್ದವು.

“ಎರಡ್ನೇದು ಬ್ಯಾಡ ಬುಡ್ಲಾ. ಅದ್ರಲ್ಲಿ ಬರೀ ಗಲಾಟೆ,” ಎಂದೆ.

“ಮೊದುಲ್ನೇದ್ರಲ್ಲಿ ಇನ್ನೇನಿತ್ಲಾ?” ಎಂದ ಮಾದೇಶ, ನಗುತ್ತಾ.

ಇನ್ನು ಉಳಿದದ್ದು ಕರೆಂಟು. ನಮ್ಮ ಕಾಲದಲ್ಲಿ ಬೇಕೆಂದಾಗಲೆಲ್ಲ ಹೋಗುತ್ತಿದ್ದ ಆ ಕರೆಂಟು ಈಗಲೂ ಒಮ್ಮೆ ಹೋಗಲಿ ಎಂದು ಗೊತ್ತಿದ್ದ ದೇವರನ್ನೆಲ್ಲ ಬೇಡಿಕೊಂಡೆ. ಅಂದು ಅದು ಕದಲಲಿಲ್ಲ. ಕೊನೆಯ ಹಾಡು ಬಂತು. ಗಾಣ, ಗಿಟಾರು, ಬೇಸು ನಿಂತವು. ಒಂಟಿ ಡ್ರಮ್ಮು ಮರದ ಮೇಲಿಂದ ಬೀದಿಗೆಲ್ಲ ಕೇಳಿಸಿತು. ಮಾದೇಶನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಆಮೇಲೆ ನನ್ನ ದನಿ ಬಂತು, ಅವನ ಬೆರಳು ನಿಂತವು.

ಮನೆಯಲ್ಲಿ ಕೇಳದೆ ಬಿಟ್ಟಿದ್ದ ಭಾಗವೂ ಅಲ್ಲಿ ಕೇಳಿಸಿತು. ಮಜ್ಜಿಗೆಯ ಚೊಂಬು ನೆಲಕ್ಕಿಟ್ಟ ಸದ್ದು, “ತಕಳ್ರಲಾ, ನೀವ್ ಮೊದ್ಲು ಕುಡೀರಿ” ಎಂಬ ಮಾದೇಶನ ದನಿ. ಅದಕ್ಕೆ ನಾನು, ಇಪ್ಪತ್ತು ವರ್ಷದ ನಾನು, ಏನೂ ಆಗದವನಂತೆ ಹೇಳಿದ್ದೆ: “ಬಾರ್ಲಾ ಮಾದೇಸ! ಏನ್ ಬಾರಿಸ್ದ್ಯೋ ಇವತ್ತು! ನೀನಿಲ್ದಿದ್ರೆ ನಮ್ ತಂಡವೇ ಇಲ್ಲ ಕಣ್ಲಾ.” ಅಲ್ಲಿಗೆ ಟೇಪು ಮುಗಿದು ಬರೀ ಸರಸರ ಎಂದಿತು.

ಮಾದೇಶ ಎದ್ದು ಹೋಗಿ ತಟ್ಟೆಯ ಮೇಲಿಂದ ಮುಳ್ಳನ್ನು ಎತ್ತಿಟ್ಟ.

“ಆ ಸೆಲ್ಲು ನಾನಾಕಿದ್ದು ಕಣ್ಲಾ,” ಎಂದ. “ಕರೆಂಟು ಓದಾಗಲೆಲ್ಲ ಸಾಂಗು ಅರ್ಧಕ್ಕೇ ಸಾಯ್ತದೆ ಅಂತ ಆವತ್ತು ಆರು ಸೆಲ್ಲು ತಂದು ಟೇಪ್ಗೆ ಆಕಿದ್ದೆ. ನಿಮ್ಗೆ ಯೋಳ್ದೆ. ನೀವು ಗಿಟಾರ್ ಬಡೀತಿದ್ರಿ, ಕೇಳಿಸ್ನಿಲ್ಲ. ಡ್ರಮ್ಗೆ ಕರೆಂಟ್ ಬ್ಯಾಡ, ನನ್ ಕೆಲ್ಸನಾದ್ರೂ ಪೂರ್ತಿ ಬರ್ಲಿ ಅಂತ ಕೊನೇಗಂಟ ಬಾರಿಸ್ದೆ.”

ಕರೆಂಟು ಹೋದದ್ದು ಅವನಿಗೆ ಗೊತ್ತಿತ್ತು. ಹೋದ ಮೇಲೂ ಟೇಪು ತಿರುಗುತ್ತದೆ ಎಂದು ನಮ್ಮಲ್ಲಿ ಗೊತ್ತಿದ್ದವನು ಅವನೊಬ್ಬನೇ. ಭೌತಶಾಸ್ತ್ರ ಓದುತ್ತಿದ್ದವನು ನಾನು.

“ಸ್ರೀಕಂಟನ್ ನಂಬರ್ ಕೊಡು,” ಎಂದ. ನಾನೇ ಹುಡುಕಿ ಕೊಟ್ಟೆ. “ಸ್ರೀಕಂಟಾ, ನಾನು ಕಣಪ್ಪ, ಮಾದೇಸ,” ಎನ್ನುತ್ತಾ ಅವನು ಮಿಲ್ಲಿನೊಳಕ್ಕೆ ಹೋದ. ಬಾಗಿಲು ಮುಚ್ಚಿಕೊಂಡಿತು. ಬೋರೇಗೌಡರು ಹುಡುಗನೊಬ್ಬನನ್ನು ಮರ ಹತ್ತಿಸಿ ಹಾರ್ನು ಇಳಿಸಿದರು, ಹೆಂಗಸರು ನನ್ನ ಕಡೆ ನೋಡದೆ ಚೀಲ ಸರಿಮಾಡಿಕೊಂಡರು. ಅವನು ಹೊರಬಂದಾಗ ಕಣ್ಣು ಕೆಂಪಾಗಿದ್ದವು. ಬೈಯುತ್ತಾನೆ ಎಂದು ಕಾದೆ. ನಮ್ಮ ಕಡೆ ಬೈದರೆ ನಂಟು ಉಳಿದಿದೆ ಎಂದೇ ಅರ್ಥ. ನನ್ನ ಹೆತ್ತವರನ್ನೆಲ್ಲ ಸೇರಿಸಿ ಬೈಯಲಿ, ಅಲ್ಲಿಗೆ ಮುಗಿಯಲಿ ಎಂದು ಆಸೆಪಟ್ಟೆ. ಅವನು ನನ್ನ ರಾಗಿ ಚೀಲವನ್ನು ತಂದು ಸ್ಕೂಟರಿನ ಮುಂದೆ ನೆಟ್ಟಗೆ ನಿಲ್ಲಿಸಿದ.

“ಮಂಡ್ಯದಲ್ಲೂ ಮಿಲ್ಲವೆ ಮೇಷ್ಟ್ರೇ. ಅಲ್ಲೇ ಬೀಸಿಸ್ಕಳಿ,” ಎಂದ.

ಕಾಲೇಜಿನ ಬೆಂಚಿನ ಕಾಲದಿಂದ ನನ್ನನ್ನು ‘ಲಾ’ ಎಂದವನು ಬಹುವಚನದಲ್ಲಿ ಮಾತಾಡಿದ. ನನಗೆ ಈ ಜನ್ಮದಲ್ಲಿ ಸಿಕ್ಕಿದ ಮರ್ಯಾದೆಗಳಲ್ಲಿ ಇಷ್ಟು ನೋವು ಕೊಟ್ಟದ್ದು ಇನ್ನೊಂದಿಲ್ಲ.

ಆ ರಾಗಿಯನ್ನು ನಮ್ಮ ಬೀದಿಯ ಮಿಲ್ಲಿಗೆ ಹಾಕಿದೆ. ‘ನುಣ್ಣಗೋ, ತರಿಯೋ ಸರ್?’ ಎಂದು ಕೇಳಿದರು. ಉತ್ತರ ನನಗೆ ಗೊತ್ತಿರಲಿಲ್ಲ, ಅದನ್ನು ತಿಳಿದುಕೊಂಡಿದ್ದವನು ಬೇರೆ. ಈಗ ಮುದ್ದೆ ದಿನವೂ ಒಂದೊಂದು ಥರ ಆಗುತ್ತದೆ, ಹೆಂಡತಿ ಹಿಟ್ಟನ್ನು ಬೈಯುತ್ತಾಳೆ. ಮನುಷ್ಯನಿಗೆ ಮೊದಲ ಆವೃತ್ತಿಯೇ ಕ್ಷೇಮ, ವಿಸ್ತರಿಸಲು ಹೋಗಬಾರದು ಎಂದು ಮೊದಮೊದಲು ನನ್ನನ್ನು ನಾನೇ ಸಂತೈಸಿಕೊಂಡೆ. ಅದೂ ಸುಳ್ಳೇ. ಮೊದಲ ಆವೃತ್ತಿಯಲ್ಲಿ ಕ್ಷೇಮವಾಗಿದ್ದವನು ನಾನೊಬ್ಬ. ಮಾಡದ ತಪ್ಪಿಗೆ ಬೈಗುಳ ಉಣ್ಣುತ್ತಾ ಶ್ರೀಕಂಠ ಮಳವಳ್ಳಿಯಲ್ಲಿ ಇಷ್ಟು ವರ್ಷ ಇದ್ದ.

ಅವನಿಗೆ ಫೋನು ಮಾಡಿ, ನೀನಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ಹೇಳಬೇಕಾಗಿದ್ದೋನು ನೀನು ಕಣೋ. ಕಾದೆ,” ಎಂದ. ಸಿಟ್ಟಿರಲಿಲ್ಲ. ಆಮೇಲೆ ಸಂತೋಷ ತಡೆಯಲಾರದೆ ಇನ್ನೊಂದು ಸುದ್ದಿಯನ್ನೂ ಹೇಳಿದ. ಪ್ರತಿ ಭಾನುವಾರ ಮಧ್ಯಾಹ್ನ ಅವನು ಗಿಟಾರು ತಗೊಂಡು ಬಸ್ಸು ಹತ್ತಿ ಮದ್ದೂರಿಗೆ ಹೋಗುತ್ತಾನಂತೆ, ಇಬ್ಬರೂ ಮಿಲ್ಲಿನೊಳಗೆ ಕೂತು ನುಡಿಸುತ್ತಾರಂತೆ, ತೇಜಸ್ವಿನಿಯವರೂ ಬಂದು ಕೇಳಿಹೋದರಂತೆ. ಬೇಸು ಯಾರದು ಎಂದು ಕೇಳಬಾರದಾಗಿತ್ತು, ಕೇಳಿಬಿಟ್ಟೆ. ಅವನು, “ಮಿಲ್ಲಿನ ಮೋಟಾರು ಸಾಕು ಅಂತಾನೆ ಮಾದೇಶ,” ಎಂದ.

ಯೋಚಿಸಿ ನೋಡಿದರೆ ಮಾದೇಶನ ಆಯ್ಕೆ ಸರಿಯಾಗಿಯೇ ಇದೆ. ಮೋಟಾರಿನದು ಕ್ರಮವಾದ ಕಂಪನ, ನನ್ನ ಎರಡು ಅಂಕದ ಉತ್ತರದ ಪ್ರಕಾರ ಅದು ನಾದವೇ. ತಾಳ ತಪ್ಪುವುದಿಲ್ಲ, ಹೊಗಳಿಕೆ ಬೇಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕರೆಂಟು ಹೋದ ಕೂಡಲೇ ಅದು ಬಾಯಿ ಮುಚ್ಚಿಕೊಳ್ಳುತ್ತದೆ.